ಖಾಲಿತ್ಯವೂ ಆಹಾರವೂ

ಕೂದಲು ಉದುರುವ ಚಿಂತೆಯು ಈಚಿನ ಕಾಲದ್ದೆಂದು ಭಾವಿಸುವವರು ಅಥರ್ವವೇದದ ಆರನೆಯ ಕಾಂಡವನ್ನು ತೆರೆದು ನೋಡತಕ್ಕದ್ದು. ಅಲ್ಲಿ 136 ಮತ್ತು 137ನೆಯ ಸೂಕ್ತಗಳೆರಡೂ ಕೇಶವೃದ್ಧಿಗಾಗಿಯೇ ಮೀಸಲಾಗಿವೆ. ನಿತತ್ನೀ ಎಂಬ ಮೂಲಿಕೆಯನ್ನು ದೇವತೆಯೆಂದೇ ಸಂಬೋಧಿಸಿ, ಇರುವ ಕೂದಲನ್ನು ದೃಢಪಡಿಸಬೇಕೆಂದೂ ಇಲ್ಲದ ಕಡೆಯಲ್ಲಿ ಹುಟ್ಟಿಸಬೇಕೆಂದೂ ಋಷಿಯು ಬೇಡಿಕೊಳ್ಳುತ್ತಾನೆ. ಜಮದಗ್ನಿಯು ತನ್ನ ಮಗಳಿಗಾಗಿ ಈ ಮೂಲಿಕೆಯನ್ನು ಅಗೆದನೆಂದೂ, ಅಸಿತನ ಮನೆಯಿಂದ ವೀತಹವ್ಯನು ಅದನ್ನು ತಂದನೆಂದೂ ಅಲ್ಲಿ ಹೇಳಿದೆ. ಪರಶುರಾಮನ ತಂದೆಯೂ ಮಹಾಕೋಪಿಯೂ ಆದ ಜಮದಗ್ನಿಯು ಹಾರೆ ಹಿಡಿದು ಮಗಳ ಜಡೆಗಾಗಿ ಬೇರನ್ನು ಅಗೆಯುತ್ತಿದ್ದ ಚಿತ್ರವು ಪುರಾಣಗಳಲ್ಲಿ ಎಲ್ಲಿಯೂ ದೊರೆಯದು. ವೇದಕಾಲದ ಗೃಹಸ್ಥನಿಗೂ ಈ ಕಾಲದ ಗೃಹಸ್ಥನಿಗೂ ಈ ವಿಷಯದಲ್ಲಿ ಹೆಚ್ಚಿನ ಭೇದವಿಲ್ಲ. ಬೇರಿಗೆ ಬದಲಾಗಿ ಸೀಸೆಯಲ್ಲಿ ತುಂಬಿದ ತೈಲವೂ ಡಬ್ಬಿಯಲ್ಲಿ ತುಂಬಿದ ಗುಳಿಗೆಯೂ ಬಂದಿವೆ, ಅಷ್ಟೆ.

ಮಂತ್ರದಿಂದ ವೈದ್ಯಕ್ಕೆ ಬಂದಾಗ ಈ ವಿಚಾರವು ಬೇರೊಂದು ರೂಪವನ್ನು ತಾಳುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಪ್ರಥಮಾಧ್ಯಾಯದಲ್ಲಿ ಅತಿಯಾಗಿ ಸೇವಿಸಕೂಡದ ಮೂರು ದ್ರವ್ಯಗಳನ್ನು ಹೆಸರಿಸಿದೆ: ಹಿಪ್ಪಲಿ, ಕ್ಷಾರ, ಲವಣ. ಇವುಗಳಲ್ಲಿ ಕ್ಷಾರವನ್ನೂ ಲವಣವನ್ನೂ ಅತಿಯಾಗಿ ಬಳಸುವ ಜನರಿಗೆ ಬೋಳುತಲೆಯೂ ನರೆಯೂ ಬರುತ್ತವೆಂದು ಹೇಳಿ, ಆಚಾರ್ಯನು ಅಷ್ಟಕ್ಕೇ ನಿಲ್ಲದೆ ಅಂಥ ಜನರು ಯಾವ ಯಾವ ದೇಶಗಳವರೆಂಬುದನ್ನೂ ತಿಳಿಸುತ್ತಾನೆ. ಕ್ಷಾರಕ್ಕೆ ಪ್ರಾಚ್ಯರೂ ಚೀನರೂ ಉದಾಹರಣೆ. ಲವಣಕ್ಕೆ ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶಗಳವರು ಉದಾಹರಣೆ. ಇವರು ಹಾಲಿನೊಡನೆ ಸಹ ಉಪ್ಪನ್ನು ಬೆರಸಿ ಉಣ್ಣುವರೆಂದು ಆತನು ಸ್ವಲ್ಪ ಬೆರಗಿನಿಂದಲೇ ಬರೆದಂತಿದೆ. ಉಪ್ಪಿನಿಂದ ತಲೆ ಬೋಳಾಗುವುದೆಂಬುದನ್ನು ಇಂದಿನ ಶಾಸ್ತ್ರವು ಒಪ್ಪುವುದಿಲ್ಲ. ಅತಿಲವಣದ ದೋಷವು ರಕ್ತದ ಒತ್ತಡದಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ತಲೆಯ ಮೇಲಲ್ಲ. ಆದರೆ ಇಲ್ಲಿ ಮೆಚ್ಚತಕ್ಕದ್ದು ಸಿದ್ಧಾಂತವನ್ನಲ್ಲ, ಕ್ರಮವನ್ನು. ದೇಶದೇಶಗಳ ಊಟವನ್ನು ವಿಚಾರಿಸಿ, ಆಯಾ ಜನರ ದೇಹಲಕ್ಷಣಗಳೊಡನೆ ಅದನ್ನು ಹೋಲಿಸಿ ನೋಡಬೇಕೆಂಬ ಬುದ್ಧಿ ಅಲ್ಲಿ ಉದಯಿಸಿದೆ. 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು ಭರತಖಂಡದ ನಾನಾ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣ್ಣಿಸಿ ಅವುಗಳ ಬೆಳವಣಿಗೆಯನ್ನು ಅಳೆದದ್ದು ಇದೇ ಬುದ್ಧಿಯ ಮುಂದಿನ ಹೆಜ್ಜೆ.

ಇನ್ನು ಶಾರೀರಸ್ಥಾನದಲ್ಲಿ ಚರಕನು ಗರ್ಭದ ಅವಯವಗಳನ್ನು ವಿಭಾಗಿಸುವಾಗ ಕೇಶ, ಶ್ಮಶ್ರು, ನಖ, ದಂತ, ಅಸ್ಥಿ ಮೊದಲಾದವುಗಳನ್ನು ಪಿತೃಜವೆಂದು ಎಣಿಸಿದ್ದಾನೆ. ಕೂದಲು ತಂದೆಯಿಂದ ಬರುವುದೆಂಬ ಈ ಮಾತನ್ನು ಊರಿನ ಮುದುಕರೂ ಆಡುವರು; ತಂದೆಯ ತಲೆಯನ್ನು ನೋಡಿ ಮಗನ ತಲೆಯ ಭವಿಷ್ಯವನ್ನು ಹೇಳುವುದುಂಟು. ಆನುವಂಶಿಕತೆಯ ಅರಿವು ಇದರಲ್ಲಿ ಸ್ಪಷ್ಟವಾಗಿದೆಯಾದರೂ ಪಾಲು ಹಂಚಿದ ರೀತಿ ಸರಿಯಾಗಿಲ್ಲ. ಖಾಲಿತ್ಯಕ್ಕೆ ಕಾರಣವಾದ ಬೀಜಗುಣಗಳಲ್ಲಿ ಮುಖ್ಯವಾದುದೊಂದು ಎಕ್ಸ್ ವರ್ಣತಂತುವಿನಲ್ಲಿದೆಯೆಂದು ಈ ಶತಮಾನದ ಆರಂಭದಲ್ಲಿ ಗೊತ್ತಾಯಿತು. ಗಂಡುಮಗುವಿಗೆ ಆ ತಂತುವು ಬರುವುದು ತಾಯಿಯಿಂದ. ಆದುದರಿಂದ ಮಗನ ತಲೆಯ ವಿಚಾರದಲ್ಲಿ ತಾಯಿಯ ತಂದೆಯನ್ನೂ ನೋಡಬೇಕಾಗುತ್ತದೆ. ಇತರ ಅನೇಕ ಬೀಜಗುಣಗಳು ಉಭಯ ಕುಲಗಳಿಂದಲೂ ಬರುತ್ತವೆ. ಒಟ್ಟಿನಲ್ಲಿ ಪಿತೃಜವೆಂದಾಗಲಿ ಮಾತೃಜವೆಂದಾಗಲಿ ಹೇಳಿ ಒಂದೇ ಕಡೆಗೆ ಬೊಟ್ಟುಮಾಡುವಂತಿಲ್ಲ.

ರೋಗದ ಭೇದವನ್ನು ಗುರುತಿಸುವುದರಲ್ಲಿ ವಾಗ್ಭಟನು ಹಿಂದಿನವರಿಗಿಂತ ಸೂಕ್ಷ್ಮದೃಷ್ಟಿಯುಳ್ಳವನು. ಸುಶ್ರುತನು ಇಂದ್ರಲುಪ್ತ, ಖಾಲಿತ್ಯ ಇವುಗಳನ್ನು ಒಂದೇ ರೋಗದ ಪರ್ಯಾಯನಾಮಗಳೆಂಬಂತೆ ಹೇಳಿದ್ದಾನೆ. ಪಿತ್ತವು ವಾತದೊಡನೆ ಸೇರಿ ರೋಮಕೂಪಗಳಿಂದ ಕೂದಲನ್ನು ಉದುರಿಸುವುದು, ಬಳಿಕ ಕಫವು ರಕ್ತದೊಡನೆ ಆ ಕೂಪಗಳನ್ನು ಮುಚ್ಚಿಬಿಡುವುದು, ಆದುದರಿಂದ ಬೇರೆ ಕೂದಲು ಹುಟ್ಟದು ಎಂದು ಅವನ ವಿವರಣೆ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಾಗ್ಭಟನು ಇದನ್ನೇ ಅನುಸರಿಸಿದರೂ ಖಲತಿಯಲ್ಲಿ ಕೂದಲು ಕ್ರಮಕ್ರಮವಾಗಿ ಉದುರುವುದೆಂದು ಹೇಳಿ ಎರಡನ್ನೂ ಬೇರ್ಪಡಿಸಿದ್ದಾನೆ. ಥಟ್ಟನೆ ಉದುರುವುದು ಬೇರೆ, ಮೆಲ್ಲಮೆಲ್ಲನೆ ಉದುರುವುದು ಬೇರೆ. ಈ ಒಂದು ಭೇದವನ್ನು ಜ್ಞಾಪಕದಲ್ಲಿಟ್ಟುಕೊಂಡ ಗೃಹಸ್ಥನು ಇಂದಿಗೂ ಎಷ್ಟೋ ದುಂದುವೆಚ್ಚವನ್ನು ತಪ್ಪಿಸಿಕೊಳ್ಳಬಲ್ಲನು.

ಇತರ ದೇಶಗಳ ಕಥೆಯನ್ನು ಬೇಗನೆ ಮುಗಿಸಬಹುದು. ಕ್ರಿ. ಪೂ. ಸುಮಾರು 1550ರ ಈಜಿಪ್ಟ್ ದೇಶದ ಎಬರ್ಸ್ ಎಂಬ ಹೆಸರಿನ ಪಪೈರಸ್ ಸುರುಳಿಯಲ್ಲಿ ನೀರಾನೆ, ಮೊಸಳೆ, ಗಂಡುಬೆಕ್ಕು, ಹಾವು ಇವುಗಳ ಕೊಬ್ಬನ್ನು ಬೋಳುತಲೆಗೆ ತಿಕ್ಕಲು ಹೇಳಿದೆ. ರೋಮಿನ ಜೂಲಿಯಸ್ ಸೀಸರನು ತನ್ನ ಬೋಳುತಲೆಗಾಗಿ ನಾಚುತ್ತಿದ್ದನೆಂದೂ, ಲಾರೆಲ್ ಎಲೆಯ ಕಿರೀಟವನ್ನು ಸದಾ ಧರಿಸುವ ಗೌರವವನ್ನು ಬಹಳ ಸಂತೋಷದಿಂದ ಸ್ವೀಕರಿಸಿದನೆಂದೂ ಸ್ವೆಟೋನಿಯಸ್ ಬರೆದಿದ್ದಾನೆ. ಗ್ರೀಕರಲ್ಲಿ ಮಾತ್ರ ಕೊಬ್ಬು ಕಿರೀಟಗಳಿಗಿಂತ ಬೆಲೆಯುಳ್ಳ ಒಂದು ಮಾತು ಸಿಕ್ಕುತ್ತದೆ. ಷಂಡರು ಬೋಳಾಗುವುದಿಲ್ಲವೆಂದು ಹಿಪೊಕ್ರೇಟಿಸನ ಹೆಸರಿನಲ್ಲಿರುವ ಸೂತ್ರಗಳಲ್ಲಿ ಹೇಳಿದೆ; ಅರಿಸ್ಟಾಟಲನೂ ಇದನ್ನು ಗಮನಿಸಿದ್ದನು. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆದಿಟ್ಟ ಈ ಒಂದು ವಾಕ್ಯವು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಅರ್ಥವಾಗದೆ ಉಳಿದಿತ್ತು.

ಕರ್ಣಾಟಕದ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಸ್ನಾನವನ್ನೂ ಅನ್ನವನ್ನೂ ರಾಜಭೋಗಗಳಲ್ಲಿ ಪ್ರತ್ಯೇಕವಾಗಿ ಎಣಿಸಿ ವರ್ಣಿಸಿದೆ. ಸುಗಂಧತೈಲದ ಅಭ್ಯಂಗವು ಅದರಲ್ಲಿ ಸೇರಿದೆ. ಅರಮನೆಯ ಈ ಭೋಗವು ಬಡವನ ಮನೆಯಲ್ಲಿ ವಾರಕ್ಕೊಮ್ಮೆಯ ಎಣ್ಣೆನೀರಾಗಿಯೂ ನರಕಚತುರ್ದಶಿಯ ಅಭ್ಯಂಜನವಾಗಿಯೂ ಉಳಿದುಬಂದಿತು. ಹರಳೆಣ್ಣೆ, ಕೊಬ್ಬರಿಎಣ್ಣೆ, ಗರುಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ. ತೊಳೆಯುವುದಕ್ಕೆ ಸೀಗೇಕಾಯಿ, ಅಂಟುವಾಳ, ಬಯಲುಸೀಮೆಯಲ್ಲಿ ಚಿಗರೆ ಪುಡಿ, ದಾಸವಾಳದ ಎಲೆಯ ಲೋಳೆ, ಹೀಗೆ ಊರೂರಿನಲ್ಲಿ ದೊರೆತದ್ದೇ ಬಳಕೆಗೆ ಬಂದಿತು. ಇಂಗ್ಲಿಷರ ಷಾಂಪೂ ಎಂಬ ಶಬ್ದವೂ ಈ ದೇಶದ್ದೇ. ತಲೆಯನ್ನು ಒತ್ತುವುದೆಂಬರ್ಥದ ಹಿಂದೀ ಕ್ರಿಯಾಪದವನ್ನು ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು 19ನೆಯ ಶತಮಾನದ ಆದಿಯಲ್ಲಿ ಬ್ರೈಟನ್ನಿನ ತನ್ನ ಸ್ನಾನಗೃಹದ ಮೂಲಕ ಅಲ್ಲಿ ಪ್ರಸಿದ್ಧಿಪಡಿಸಿದನು.

ಎಣ್ಣೆಯ ಪ್ರಯೋಜನವೇನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಕೊಬ್ಬರಿಎಣ್ಣೆಯು ಕೂದಲಿನ ಎಳೆಯೊಳಕ್ಕೆ ಸ್ವಲ್ಪ ಇಳಿದು, ತೊಳೆಯುವಾಗ ಎಳೆಯು ಸವೆಯದಂತೆ ಕಾಪಾಡುತ್ತದೆ. ಕೂದಲು ತುಂಡಾಗುವುದು ಕಡಿಮೆಯಾಗುತ್ತದೆ, ಹೊಳಪು ಬರುತ್ತದೆ. ಆದರೆ ಚರ್ಮದಿಂದ ಹೊರಕ್ಕೆ ಬಂದ ಕೂದಲು ನಿರ್ಜೀವವಾದ ವಸ್ತು. ಅದಕ್ಕೆ ಊಟಮಾಡಿಸುವುದು ಸಾಧ್ಯವಿಲ್ಲ. ಊಟವು ತಲುಪಬೇಕಾದದ್ದು ಚರ್ಮದೊಳಗಿನ ಬೇರಿಗೆ, ಅದೂ ರಕ್ತದ ಮೂಲಕ. ಕೂದಲು ಅಸ್ಥಿಧಾತುವಿನ ಮಲವೆಂದು, ಎಂದರೆ ಅನ್ನವು ಪಾಕವಾಗುತ್ತ ಹೋದಾಗ ಉಳಿಯುವ ಕಿಟ್ಟವೆಂದು, ಚರಕನು ಹೇಳಿದುದರಲ್ಲಿ ಅಸ್ಥಿಯ ಸಂಬಂಧವು ನಿಲ್ಲದಿದ್ದರೂ ಅನ್ನದ ಸಂಬಂಧವು ನಿಲ್ಲುತ್ತದೆ.

ಹೀಗಿದ್ದಮೇಲೆ ಉತ್ತಮಾಹಾರದಿಂದ ಬೋಳುತಲೆಯನ್ನು ತಡೆಯಬಹುದೆ ಎಂಬ ಪ್ರಶ್ನೆ ಏಳುತ್ತದೆ. ಗಂಡಸರ ಸಾಮಾನ್ಯವಾದ ಖಾಲಿತ್ಯದ ವಿಷಯದಲ್ಲಿ ಉತ್ತರವು ನಿರಾಶಾಜನಕವಾದುದು. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾಶಾಸ್ತ್ರಜ್ಞನು ಗ್ರೀಕರ ಆ ಹಳೆಯ ಸೂತ್ರವನ್ನು ಪರೀಕ್ಷೆಗೆ ತಂದನು. ಯೌವನಕ್ಕೆ ಮೊದಲೇ ವೃಷಣವನ್ನು ಕಳೆದುಕೊಂಡವರು ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೊಸ್ಟಿರೋನ್ ಎಂಬ ಪುರುಷದ್ರವ್ಯವನ್ನು ಕೊಟ್ಟಾಗ, ಮನೆತನದಲ್ಲಿ ಖಾಲಿತ್ಯವಿದ್ದವರ ತಲೆ ಬೋಳಾಗತೊಡಗಿತು. ಕೊಡುವುದನ್ನು ನಿಲ್ಲಿಸಿದಾಗ ಅದು ಮುಂದುವರಿಯಲಿಲ್ಲ, ಹೋದದ್ದು ತಿರುಗಿ ಬರಲೂ ಇಲ್ಲ. ಬೀಜಗುಣ, ಪುರುಷದ್ರವ್ಯ, ವಯಸ್ಸು ಈ ಮೂರೂ ಕೂಡಿದಾಗ ಖಾಲಿತ್ಯವೆಂದು ಇದರಿಂದ ಸ್ಥಿರವಾಯಿತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಪರಿಶೋಧನೆಯಿಂದ, ಟೆಸ್ಟೊಸ್ಟಿರೋನನ್ನು ಇನ್ನೂ ತೀಕ್ಷ್ಣವಾದ ರೂಪಕ್ಕೆ ಮಾರ್ಪಡಿಸುವ ಕಿಣ್ವವು ಜನ್ಮತಃ ಕೊರತೆಯಾದವರಲ್ಲಿ ನೆತ್ತಿಯ ಕೂದಲು ಹಿಂಜರಿಯದೆಂಬುದು ತಿಳಿದುಬಂತು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಔಷಧಕ್ಕೆ 1997ರಲ್ಲಿ ಅಮೆರಿಕದಲ್ಲಿ ಈ ಉಪಯೋಗಕ್ಕಾಗಿ ಅನುಮತಿ ದೊರೆಯಿತು. ರಕ್ತದ ಒತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್, ರೋಗಿಗಳ ಮೈಯಲ್ಲಿ ಕೂದಲು ಹೆಚ್ಚುವುದು ಕಂಡುಬಂದ ಕಾರಣ, 1988ರಿಂದ ತಲೆಗೆ ಹಚ್ಚುವ ಔಷಧವಾಯಿತು. ಇವುಗಳನ್ನು ವೈದ್ಯನ ಸಲಹೆಯಿಲ್ಲದೆ ಸೇವಿಸಕೂಡದು. ಮೊದಲನೆಯದಂತೂ ಗರ್ಭಿಣಿಯರಿಗೆ ಸರ್ವಥಾ ನಿಷಿದ್ಧ. ಈ ಚರಿತ್ರೆಯಲ್ಲಿ ಸೊಪ್ಪಿಗಾಗಲಿ ಹಾಲಿಗಾಗಲಿ ಎಣ್ಣೆಗಾಗಲಿ ಸ್ಥಾನವಿಲ್ಲ. ಮೂವತ್ತು ವರ್ಷದ ಯುವಕನ ಹಣೆಯು ಹಿಂಜರಿಯುವುದನ್ನು ಆಹಾರದ ದೋಷವೆಂದು ತಾಯಂದಿರು ಮನಸ್ಸಿಗೆ ಹಚ್ಚಿಕೊಳ್ಳುವುದು ವೃಥಾ ಸಂಕಟ.

ಆಹಾರದ ಅಧಿಕಾರವಿರುವುದು ಇನ್ನೊಂದು ಬಗೆಯಲ್ಲಿ. 1926ರಲ್ಲಿ ಡ್ರೈ ಎಂಬ ಶಾಸ್ತ್ರಜ್ಞನು ಇಲಿಯ ರೋಮಗಳನ್ನು ಪರೀಕ್ಷಿಸಿ, ಪ್ರತಿಯೊಂದು ರೋಮಕೂಪವೂ ಬೆಳವಣಿಗೆ, ಸಂಕೋಚ, ವಿಶ್ರಾಂತಿ ಎಂಬ ಮೂರು ಅವಸ್ಥೆಗಳಲ್ಲಿ ಸುತ್ತುತ್ತಿರುವುದೆಂದು ಹೆಸರಿಟ್ಟು ತೋರಿಸಿದನು. ಮನುಷ್ಯನ ತಲೆಯಲ್ಲಿ ಸುಮಾರು 1,00,000 ಕೂದಲುಗಳುಂಟು. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಬಾಚಣಿಗೆಗೆ ಬರುವುದು ಪ್ರಕೃತಿಧರ್ಮ. ಆದರೆ ವಿಷಮಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಕಠಿನ ಉಪವಾಸ ಇವುಗಳಿಂದ ದೇಹಕ್ಕೆ ಪೆಟ್ಟು ಬಿದ್ದಾಗ ಅನೇಕ ಕೂಪಗಳು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. 1961ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಇದಕ್ಕೆ ಪ್ರತ್ಯೇಕವಾದ ಹೆಸರನ್ನು ಕೊಟ್ಟನು. 2020 ಮತ್ತು 2021ರ ಕೋವಿಡ್ ಜ್ವರದ ತರುವಾಯ ಅಸಂಖ್ಯ ಮನೆಗಳಲ್ಲಿ ಇದೇ ಅನುಭವವಾಯಿತು. ಕಾರಣವು ನಿವಾರಣೆಯಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿಯೇ ನಿಂತು ಹೊಸ ಕೂದಲು ಹುಟ್ಟುತ್ತದೆ.

ತೈಲವ್ಯಾಪಾರದ ಗುಟ್ಟೆಲ್ಲವೂ ಈ ಆರು ತಿಂಗಳಿನಲ್ಲಿದೆ. ಜ್ವರವು ಮರೆತುಹೋಗಿರುತ್ತದೆ, ಕೂದಲು ಉದುರುವುದನ್ನು ಕಂಡು ಗಾಬರಿಯಾದ ಮನೆಯವರು ಒಂದಾದ ಮೇಲೊಂದರಂತೆ ತೈಲಗಳನ್ನು ತರಿಸುತ್ತಾರೆ. ಉದುರುವುದು ನಿಲ್ಲುವ ಕಾಲಕ್ಕೆ ಯಾವ ಸೀಸೆ ಗೂಡಿನಲ್ಲಿರುತ್ತದೆಯೋ ಅದಕ್ಕೆ ಕೀರ್ತಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇರುವ ಸಂಬಂಧವನ್ನು ನ್ಯಾಯಶಾಸ್ತ್ರದಲ್ಲಿ ಓದಿದವರೂ ಈ ವಿಷಯದಲ್ಲಿ ಮೋಸಹೋಗುವುದುಂಟು.

ಅನ್ನದ ಕೊರತೆಯು ಕೂದಲಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಅತಿ ದಾರುಣವಾದ ಸಾಕ್ಷ್ಯವು ಆಫ್ರಿಕಾದಿಂದ ಬಂದಿತು. ಗೋಲ್ಡ್ ಕೋಸ್ಟ್ ಎಂಬ ಹೆಸರಿನಿಂದ ಆಗ ಪ್ರಸಿದ್ಧವಾಗಿದ್ದ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1933ರಲ್ಲಿ ಒಂದು ಶಿಶುರೋಗವನ್ನು ವರ್ಣಿಸಿ, 1935ರಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ಕ್ವಾಷಿಯೋರ್ಕರ್ ಎಂಬ ಹೆಸರನ್ನೇ ಉಳಿಸಿದಳು. ಮುಂದಿನ ಕೂಸು ಹುಟ್ಟಿದಾಗ ಮೊಲೆಹಾಲನ್ನು ಕಳೆದುಕೊಂಡ ಹಿಂದಿನ ಮಗುವಿಗೆ ಬರುವ ಬೇನೆಯೆಂದು ಆ ಪದದ ಭಾವ. ಜೋಳದ ಗಂಜಿಯೊಂದನ್ನೇ ಉಂಡ ಆ ಮಕ್ಕಳ ಮೈ ಬಾತು, ಕೂದಲು ಕೆಂಚಾಗಿ, ಎಳೆದರೆ ನೋವಿಲ್ಲದೆ ಕಿತ್ತುಬರುತ್ತಿತ್ತು. ಊಟ ಸಿಕ್ಕಿದ ತಿಂಗಳಲ್ಲಿ ಕಪ್ಪಾಗಿಯೂ ಸಿಕ್ಕದ ತಿಂಗಳಲ್ಲಿ ಮಾಸಲಾಗಿಯೂ ಬೆಳೆದು, ಒಂದೇ ಕೂದಲು ಪತಾಕೆಯಂತೆ ಪಟ್ಟೆಪಟ್ಟೆಯಾಗುವುದನ್ನು ಇತರ ದೇಶಗಳ ವೈದ್ಯರೂ ಕಂಡರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವುದರಿಂದ, ಆ ಮಗುವಿನ ಹಸಿವಿನ ದಿನಚರಿಯು ಅದರ ತಲೆಯ ಮೇಲೆಯೇ ಬರೆದಿರುತ್ತಿತ್ತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು 75 ಭಾಗ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ 25 ಭಾಗ ಕಡಲೆಹಿಟ್ಟನ್ನು ಸೇರಿಸಿ ಸಿದ್ಧಪಡಿಸಿದ ಬಹೂಪಯೋಗಿ ಆಹಾರವು ಇಂಥ ಸಸಾರಜನಕದ ಕೊರತೆಯನ್ನು ನೀಗಿಸುವ ಯತ್ನಗಳಲ್ಲೊಂದು. ಕೂದಲೆಂಬುದೇ ಬಹುಮಟ್ಟಿಗೆ ಸಸಾರಜನಕ. ಬೇಳೆ, ಹಾಲು, ಮೊಸರು, ಮೊಳಕೆಕಾಳು, ಉಣ್ಣುವವರಿಗೆ ಮೊಟ್ಟೆ ಮೀನು, ಇವಿಲ್ಲದ ಬರಿಯ ಅನ್ನ ತಿಳಿಸಾರಿನಿಂದ ಅದು ಹುಟ್ಟಲಾರದು.

ಅನುಕೂಲಸ್ಥರ ಮನೆಗಳಲ್ಲಿ ಕ್ವಾಷಿಯೋರ್ಕರ್ ಇಲ್ಲ. ಆದರೆ ಅದಕ್ಕಿಂತ ಮೆತ್ತನೆಯ ಕೊರತೆಯೊಂದು ಅಡಿಗೆಮನೆಯಲ್ಲಿಯೇ ಕುಳಿತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ಕಬ್ಬಿಣದ ಕೊರತೆಯೇ ಇದಕ್ಕೆ ದೊಡ್ಡ ಕಾರಣ. ಕಬ್ಬಿಣಕ್ಕೂ ಕೂದಲುದುರುವುದಕ್ಕೂ ಎಷ್ಟರಮಟ್ಟಿನ ಸಂಬಂಧವೆಂಬುದರಲ್ಲಿ ವೈದ್ಯರಿಗೆ ಪೂರ್ಣ ಒಮ್ಮತವಿಲ್ಲದಿದ್ದರೂ, ಕೂದಲುದುರುವುದೆಂದು ಬಂದ ಹೆಣ್ಣುಮಗಳ ರಕ್ತವನ್ನು ಮೊದಲು ಪರೀಕ್ಷಿಸುವುದು ಎಲ್ಲೆಡೆಯಲ್ಲಿಯೂ ರೂಢಿ. ಎಲ್ಲರಿಗೂ ಬಡಿಸಿ, ಉಳಿದ ಹುಳಿಯಲ್ಲಿ ಕೊನೆಗೆ ಕಲಸಿಕೊಂಡು ಉಣ್ಣುವ ಗೃಹಿಣಿ, ವಾರಕ್ಕೆ ಎರಡು ಒಪ್ಪೊತ್ತು ಮಾಡುವ ಅತ್ತೆ, ತೆಳ್ಳಗಾಗಬೇಕೆಂದು ರಾತ್ರಿಯ ಊಟವನ್ನು ಬಿಟ್ಟ ಕಾಲೇಜಿನ ಹುಡುಗಿ, ಈ ಮೂವರ ತಲೆಯ ಕಥೆಯೂ ಒಂದೇ. ನುಗ್ಗೆಸೊಪ್ಪು, ದಂಟು, ಕೀರೆ, ಹುರುಳಿ, ಎಳ್ಳು, ರಾಗಿ ಇವು ಕನ್ನಡಿಗರ ಊಟದಲ್ಲಿ ಹಿಂದಿನಿಂದ ಬಂದವೇ. ಸೊಪ್ಪಿನ ಕಬ್ಬಿಣವು ಮೈಗೆ ಸುಲಭವಾಗಿ ಹತ್ತುವುದಿಲ್ಲ. ನಿಂಬೆಹುಳಿ, ನೆಲ್ಲಿಕಾಯಿ ಇವುಗಳ ಜೊತೆಯಲ್ಲಿ ತಿಂದರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೆ ಕಾಫಿಯನ್ನೋ ಚಹವನ್ನೋ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಹೆಂಗಸರ ಕಾಫಿಯನ್ನು ಗಂಟೆಯೊಂದರಷ್ಟು ಮುಂದಕ್ಕೆ ಹಾಕಿಸುವುದು ಕಷ್ಟವೇ ಸರಿ, ಆದರೂ ತೈಲಕ್ಕಿಂತ ಅಗ್ಗ.

ಬಾಣಂತಿಯ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. ಗರ್ಭಕಾಲದಲ್ಲಿ ಉದುರಬೇಕಾದ ಕೂದಲು ಉದುರದೆ ನಿಂತು, ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಒಟ್ಟಿಗೆ ಉದುರುತ್ತದೆ. ಕೂಸು ಮುಖ ನೋಡಿ ನಗತೊಡಗಿದರೆ ತಾಯಿಯ ಕೂದಲು ಉದುರುವುದೆಂದು ಹಳಬರು ಹೇಳುವ ಮಾತಿನಲ್ಲಿ ಕಾರಣವು ತಪ್ಪಾದರೂ ಕಾಲದ ಲೆಕ್ಕವು ಸರಿಯಾಗಿಯೇ ಇದೆ. ಇದು ರೋಗವಲ್ಲ. ಇದಕ್ಕೆ ಹೆದರಿ ಪಥ್ಯವನ್ನು ಇನ್ನಷ್ಟು ಬಿಗಿಮಾಡಿ ಸೊಪ್ಪು ತರಕಾರಿ ಬೇಳೆಗಳನ್ನು ನಿಷೇಧಿಸಿ ಬರಿಯ ಅನ್ನ ಮೆಣಸಿನ ಸಾರಿನ ಮೇಲೆ ಇರಿಸುವ ಪದ್ಧತಿ ಕೆಲವು ಮನೆಗಳಲ್ಲುಂಟು. ಹೆರಿಗೆಯಲ್ಲಿ ರಕ್ತವನ್ನು ಕಳೆದುಕೊಂಡು ಹಾಲೂಡುತ್ತಿರುವವಳಿಗೆ ಅದರಿಂದ ಅನ್ಯಾಯವಾಗುತ್ತದೆ. ತುಪ್ಪ, ಮೆಂತ್ಯ, ಎಳ್ಳು, ಸಬ್ಬಸಿಗೆ ಸೊಪ್ಪುಗಳನ್ನು ಕೊಡುವ ಮನೆಗಳ ಪಥ್ಯವೂ ಹಳೆಯದೇ. ಅದನ್ನೇ ಅನುಸರಿಸುವುದು ಶ್ರೇಯಸ್ಕರ.

ಕೊರತೆಯಂತೆ ಅತಿಯೂ ಕೇಶನಾಶಕವೆಂಬುದನ್ನು ಗುಳಿಗೆಗಳನ್ನು ನುಂಗುವವರು ತಿಳಿಯಬೇಕು. ಚೀನಾದೇಶದ ಹುಬೇ ಪ್ರಾಂತದ ಎನ್‌ಷೀ ಎಂಬಲ್ಲಿ 1961ರಿಂದ 1964ರವರೆಗೆ ಹಳ್ಳಿಹಳ್ಳಿಗಳ ಜನರ ಕೂದಲೂ ಉಗುರೂ ಕಳಚಿಬಿದ್ದವು. ಅತಿ ಹೆಚ್ಚು ಪೀಡಿತವಾದ ಹಳ್ಳಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಗತಿಯಾಯಿತು. ಅನಾವೃಷ್ಟಿಯಿಂದ ಬತ್ತದ ಬೆಳೆ ಹೋಗಿ, ಜನರು ಸ್ಥಳದ ಮುಸುಕಿನ ಜೋಳವನ್ನೂ ತರಕಾರಿಯನ್ನೂ ಹೆಚ್ಚಾಗಿ ಉಂಡಿದ್ದರು. ಅಲ್ಲಿಯ ಕಲ್ಲಿದ್ದಲಿನಿಂದ ಸೆಲೀನಿಯಮ್ ಎಂಬ ಧಾತುವು ಮಣ್ಣನ್ನೂ ಮಣ್ಣಿನಿಂದ ಬೆಳೆಯನ್ನೂ ಸೇರಿತ್ತು. ಅದೇ ಚೀನಾದ ಬಡಗಣ ಕೇಶಾನ್ ಸೀಮೆಯಲ್ಲಿ ಅದೇ ಧಾತುವಿನ ಕೊರತೆಯಿಂದ ಹೃದ್ರೋಗವು ಹಬ್ಬಿತ್ತು. (ಈ ಊರಿನ ಹೆಸರಿಗೂ ಸಂಸ್ಕೃತದ ಕೇಶಶಬ್ದಕ್ಕೂ ಯಾವ ಸಂಬಂಧವೂ ಇಲ್ಲ, ಕಾಕತಾಳೀಯವೆಂದರೆ ಇದೇ.) 1984ರಲ್ಲಿ ಅಮೆರಿಕದಲ್ಲಿ ತಪ್ಪಾಗಿ ತಯಾರಾದ ಸೆಲೀನಿಯಮ್ ಗುಳಿಗೆಗಳನ್ನು ಆರೋಗ್ಯಕ್ಕೆಂದು ನುಂಗಿದವರಿಗೂ ಕೂದಲುದುರಿತು. ಎ ಜೀವಸತ್ವದ ಅತಿಸೇವನೆಯ ಲಕ್ಷಣಗಳಲ್ಲಿಯೂ ಇದು ಸೇರಿದೆ. ಬಯೋಟಿನ್ ಎಂಬ ಜೀವಸತ್ವವನ್ನು ಕೂದಲಿಗೆಂದು ಬಹುವಾಗಿ ಮಾರುತ್ತಾರೆ. ಹಸಿಯ ಮೊಟ್ಟೆಯ ಬಿಳಿಯನ್ನು ದೀರ್ಘಕಾಲ ತಿನ್ನುವಂಥ ಅಪೂರ್ವಸಂದರ್ಭಗಳನ್ನು ಬಿಟ್ಟರೆ ಅದರ ಕೊರತೆಯೇ ವಿರಳ. ಅತಿಯಾಗಿ ನುಂಗಿದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಫಲವನ್ನು ಕೆಡಿಸುವುದೆಂದು ಅಮೆರಿಕದ ಔಷಧಾಧಿಕಾರಿಗಳು 2017ರಲ್ಲಿ ಎಚ್ಚರಿಸಿದರು. ನಮ್ಮ ರೈತರು ಬಲ್ಲ ಉದಾಹರಣೆಯೂ ಒಂದುಂಟು: ಸುಬಾಬುಲ್ ಸೊಪ್ಪನ್ನು ಮಿತಿಮೀರಿ ತಿಂದ ದನಕುದುರೆಗಳ ಕೂದಲು, ಅದರಲ್ಲಿರುವ ಮಿಮೊಸೀನ್ ಎಂಬ ವಿಷದಿಂದ ಉದುರುತ್ತದೆ.

ಅಭ್ಯಾಸಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಹಣೆಯ ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ನಿತ್ಯವೂ ಜಡೆಹಾಕುವುದರಿಂದ ಕಪಾಲದ ಅಂಚಿನಲ್ಲಿ ಕೂದಲು ವಿರಳವಾಗುತ್ತದೆ. ಈ ಬಗೆಯ ಕೇಶನಾಶವನ್ನು 1907ರಲ್ಲಿಯೇ ಗ್ರೀನ್‌ಲೆಂಡಿನ ಹೆಂಗಸರಲ್ಲಿ ಗುರುತಿಸಿದ್ದರು. ವರ್ಷಗಟ್ಟಲೆ ಹಾಗೆ ಎಳೆದರೆ ಕೂಪಗಳು ಶಾಶ್ವತವಾಗಿ ಬತ್ತುತ್ತವೆ. ಒದ್ದೆಕೂದಲನ್ನು ಸೂಕ್ಷ್ಮದಂತದ ಬಾಚಣಿಗೆಯಿಂದ ಜಗ್ಗಕೂಡದು. ಹೊಟ್ಟು ಹೆಚ್ಚಾಗಿ ತುರಿಕೆಯಿದ್ದಲ್ಲಿ ಎಣ್ಣೆಯನ್ನು ರಾತ್ರಿಯೆಲ್ಲ ಬಿಡುವುದರಿಂದ ಅದು ಬೆಳೆಯುವುದೇ ಹೆಚ್ಚು.

ಗುಂಡಗೆ ನಾಣ್ಯದಷ್ಟಗಲ ಥಟ್ಟನೆ ಬೋಳಾದರೆ, ಎಂದರೆ ವಾಗ್ಭಟನ ಇಂದ್ರಲುಪ್ತವಾದರೆ, ಅದು ದೇಹವು ತನ್ನ ಕೂಪಗಳನ್ನೇ ಶತ್ರುವೆಂದು ಭ್ರಮಿಸಿದುದರ ಫಲ; ಆಹಾರದಿಂದ ವಾಸಿಯಾಗದು, ಚರ್ಮವೈದ್ಯನಿಂದ ವಾಸಿಯಾಗಬಹುದು. ಕೂದಲಿನೊಡನೆ ಆಯಾಸ, ಮುಟ್ಟಿನ ಏರುಪೇರು, ಮೈ ತೂಕದ ಬದಲಾವಣೆ, ಚಳಿ ತಡೆಯದಿರುವುದು ಇವು ಕಂಡರೆ ಗಳಗ್ರಂಥಿಯ ಪರೀಕ್ಷೆ ಅವಶ್ಯ. ಹೆಂಗಸರಿಗೆ ರಕ್ತದ ಹಿಮೊಗ್ಲೋಬಿನ್ ಪ್ರಮಾಣವು ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಲೆಕ್ಕ. ಹೆಚ್ಚು ಖರ್ಚಿಲ್ಲದ ಈ ಪರೀಕ್ಷೆಯನ್ನು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಮಾಡುತ್ತಾರೆ.